ಮಾಲ್ಗುಡಿಯನ್ನು ಹುಡುಕಿ ಅರಸಾಳಿನಲ್ಲಿ ಇಳಿದಾಗ

ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ಕುಂಸಿಯನ್ನು ದಾಟಿ, ಕಾಡಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಓಡಿ, ಒಂದು ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಹೊಸನಗರ ತಾಲ್ಲೂಕಿನ ಅರಸಾಳು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಅಲ್ಲಿ ಇಳಿದಾಗ ಜೊತೆಯಲ್ಲಿ ಇಳಿದದ್ದು ಒಂದೇ ಕುಟುಂಬ. ಅವರ ಹತ್ತು ವರ್ಷದ ಹುಡುಗ ಪ್ಲಾಟ್‌ಫಾರ್ಮಿನ ಹಳದಿ ಬೋರ್ಡನ್ನು ಅಕ್ಷರ ಕೂಡಿಸಿ ಓದಿ, ‘ಅಮ್ಮಾ, ಮಾಲ್ಗುಡಿ ಅಂದಿದ್ದೆಯಲ್ಲ, ಇಲ್ಲಿ ಅರಸಾಳು ಅಂತ ಇದೆ’ ಎಂದು ತಕರಾರು ತೆಗೆದ. ‘ಎರಡೂ ಒಂದೇ ಕಣೋ, ಬಾ’ ಎಂದು ಆಕೆ ಅವನ ಕೈಹಿಡಿದು ಹೊರಟೇಬಿಟ್ಟರು. ಹುಡುಗನಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

ಎರಡೂ ಒಂದೇ ಆದದ್ದು ಹೇಗೆಂಬುದು ಈಗ ಬಹುತೇಕ ಓದುಗರಿಗೆ ಗೊತ್ತು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿಯಾಗಿ ಚಿತ್ರಿಸಿದಾಗ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಈ ಅರಸಾಳು. ಬ್ರಾಡ್‌ಗೇಜ್ ಬಂದ ಮೇಲೆ ಕೆಲಸವಿಲ್ಲದೆ ಶಿಥಿಲವಾಗುತ್ತಿದ್ದ ಹಳೆಯ ಹಂಚಿನ ಕಟ್ಟಡವನ್ನು ನೈರುತ್ಯ ರೈಲ್ವೆಯು ದುರಸ್ತಿ ಮಾಡಿಸಿ 2020ರಲ್ಲಿ ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರನ್ನೇ ಈ ಕೆಲಸಕ್ಕೂ ಕರೆಸಿದ್ದು ಒಳ್ಳೆಯ ತೀರ್ಮಾನ. ಧಾರಾವಾಹಿಯ ಚಿತ್ರಗಳು, ಸ್ವಾಮಿ ಮತ್ತು ಅವನ ಗೆಳೆಯರ ನೆನಪು, ಪಕ್ಕದಲ್ಲೇ ಹಳೆಯ ಬೋಗಿಯೊಂದರಲ್ಲಿ ಚಹಾ. ಹುಡುಗರು ಓಡಾಡುತ್ತಾರೆ, ಐವತ್ತು ದಾಟಿದವರು ಸುಮ್ಮನೆ ನಿಂತು ಆ ರಾಗವನ್ನು ಗುನುಗುತ್ತಾರೆ. ಬಿದ್ದುಹೋಗಬೇಕಾಗಿದ್ದ ಒಂದು ಕಟ್ಟಡ ನಿಂತಿದೆ. ಇದರಲ್ಲಿ ದೂರುವುದಕ್ಕೆ ಏನೂ ಇಲ್ಲ.

ಆದರೂ ಯೋಚಿಸಿದಷ್ಟೂ ಇದೊಂದು ವಿಚಿತ್ರ ಪ್ರಸಂಗ. ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ತಾನಾಗಿಯೇ ಇದ್ದ ಒಂದು ನಿಲ್ದಾಣ, ಕೆಲವು ದಿನ ಬೇರೆಯೊಂದು ನಿಲ್ದಾಣದ ವೇಷ ಹಾಕಿದ್ದಕ್ಕಾಗಿ ಉಳಿದುಕೊಂಡಿದೆ.

ಮಾಲ್ಗುಡಿಯ ಹುಟ್ಟು ಕೂಡ ಒಂದು ರೈಲು ನಿಲ್ದಾಣದಿಂದಲೇ ಆದದ್ದು. 1930ರ ಒಂದು ದಿನ, ಅಜ್ಜಿ ನೋಡಿಕೊಟ್ಟ ಒಳ್ಳೆಯ ಮುಹೂರ್ತದಲ್ಲಿ, ಇಪ್ಪತ್ತಮೂರರ ಹರೆಯದ ನಾರಾಯಣ್ ನೋಟುಪುಸ್ತಕ ತೆರೆದು ಕುಳಿತಾಗ ಅವರ ಕಣ್ಣಮುಂದೆ ಮೊದಲು ಬಂದದ್ದು ಊರಲ್ಲ. ಒಂದು ಪುಟ್ಟ ಸ್ಟೇಷನ್ನು ಮತ್ತು ಅದರ ಪ್ಲಾಟ್‌ಫಾರ್ಮಿನಲ್ಲಿ ಓಡುತ್ತಿದ್ದ ಸ್ವಾಮಿನಾಥನ್ ಎಂಬ ಹುಡುಗ. ಹೀಗೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಊರು, ಸರಯೂ ನದಿ, ಆಲ್ಬರ್ಟ್ ಮಿಷನ್ ಶಾಲೆ ಎಲ್ಲ ಆಮೇಲೆ ಅದರ ಸುತ್ತ ಬೆಳೆದವು. ಗ್ರಹಾಂ ಗ್ರೀನ್ ಅವರ ನೆರವಿನಿಂದ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾಯಿತು. ಮಲ್ಲೇಶ್ವರದ ತಲೆ, ಬಸವನಗುಡಿಯ ಬಾಲ ಸೇರಿ ಮಾಲ್ಗುಡಿಯಾಯಿತೆಂದು ಬೆಂಗಳೂರಿನವರು ಹೇಳಿಕೊಳ್ಳುವುದುಂಟು. ಮೈಸೂರಿನವರು ತಮ್ಮ ಅಗ್ರಹಾರದ ಬೀದಿಗಳನ್ನು ತೋರಿಸುತ್ತಾರೆ. ಯಾದವಗಿರಿಯಲ್ಲಿ ಅವರು ಬಾಳಿದ ಮನೆ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಯಾವ ಊರಿನ ಹಕ್ಕುಪತ್ರಕ್ಕೂ ನಾರಾಯಣ್ ರುಜು ಹಾಕಲಿಲ್ಲ. 2001ರಲ್ಲಿ ತೀರಿಕೊಳ್ಳುವ ತನಕ ಮಾಲ್ಗುಡಿಯನ್ನು ಭೂಪಟದಿಂದ ಹೊರಗೇ ಇಟ್ಟರು.

ಭೂಪಟಕ್ಕೆ ತಂದವರು ಶಂಕರ್‌ನಾಗ್. ಅವರು ಮಾಲ್ಗುಡಿಯ ಬೀದಿಗಳಿಗಾಗಿ ಆರಿಸಿಕೊಂಡದ್ದು ಆಗುಂಬೆಯನ್ನು. ಮಳೆ, ಹಂಚಿನ ಮನೆ, ಅಗಲವಾದ ಜಗಲಿ ಎಲ್ಲ ಅಲ್ಲಿದ್ದವು, ಒಂದು ಮಾತ್ರ ಇರಲಿಲ್ಲ: ರೈಲು. ಘಟ್ಟದ ತುದಿಯಲ್ಲಿ ಕುಳಿತಿರುವ ಆಗುಂಬೆಗೆ ಅಂದೂ ರೈಲಿಲ್ಲ, ಇಂದೂ ಇಲ್ಲ. ಹಾಗಾಗಿ ಪೇಟೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅದರ ರೈಲು ನಿಲ್ದಾಣ ಹೊಸನಗರ ತಾಲ್ಲೂಕಿನಲ್ಲಿ; ನಡುವೆ ಮಲೆನಾಡಿನ ತಿರುವು ದಾರಿಯಲ್ಲಿ ಗಂಟೆಗಟ್ಟಲೆ ಪ್ರಯಾಣ. ಪರದೆಯ ಮೇಲೆ ಇದು ಯಾರಿಗೂ ತಿಳಿಯಲಿಲ್ಲ. ಸಿನಿಮಾದ ಕತ್ತರಿ ಮಾಡುವ ಪವಾಡ ಅದು.

ಧಾರಾವಾಹಿ ದೂರದರ್ಶನದಲ್ಲಿ ಬಂದ 1986-87ರಲ್ಲಿ ನಾನು ಭದ್ರಾವತಿಯಲ್ಲಿ ಆರನೇ ತರಗತಿಯ ಹುಡುಗ. ನಮ್ಮ ಸಾಲಿನ ಮನೆಗಳಲ್ಲಿ ಟಿ.ವಿ. ಇದ್ದದ್ದು ಒಂದರಲ್ಲಿ. ಅದರ ಮುಂದೆ ಚಾಪೆ ಹಾಸಿಕೊಂಡು ನಾವೆಲ್ಲ ಕೂರುತ್ತಿದ್ದೆವು. ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ಮಾಸ್ಟರ್ ಮಂಜುನಾಥನ ತುಂಟ ಮುಖ. ಗಿರೀಶ ಕಾರ್ನಾಡರು, ವೈಶಾಲಿ ಕಾಸರವಳ್ಳಿಯವರು ನಮ್ಮದೇ ಜಗಲಿಯಂಥ ಜಗಲಿಯಲ್ಲಿ ಕುಳಿತು ಹಿಂದಿಯಲ್ಲಿ ಮಾತಾಡುತ್ತಿದ್ದುದು ನಮಗೆ ಸ್ವಲ್ಪ ತಮಾಷೆಯಾಗಿಯೂ ಸ್ವಲ್ಪ ಹೆಮ್ಮೆಯಾಗಿಯೂ ಇತ್ತು. ನಿಲ್ದಾಣದ ದೃಶ್ಯ ಬಂದಾಗ ಅಮ್ಮ, ‘ಅಯ್ಯೋ, ಇದು ನಮ್ಮ ಅರಸಾಳಲ್ವೇನೇ!’ ಎಂದು ಪಕ್ಕದ ಮನೆಯಾಕೆಯ ತೊಡೆಗೆ ತಟ್ಟಿದ್ದು ನನಗಿನ್ನೂ ನೆನಪಿದೆ. ಅಮ್ಮನ ತವರು ಸಾಗರದ ಕಡೆ. ಆಕೆ ಪ್ರತಿ ರಜೆಗೂ ಹಾಯುತ್ತಿದ್ದ ದಾರಿ ಅದು. ಇಡೀ ದೇಶ ಮಾಲ್ಗುಡಿಯನ್ನು ನೋಡುತ್ತಿದ್ದಾಗ ನಮ್ಮ ಚಾಪೆಯ ಮೇಲೆ ಒಬ್ಬಳಾದರೂ ಅರಸಾಳನ್ನು ನೋಡುತ್ತಿದ್ದಳು.

ಆ ಅರಸಾಳಿನ ಕಥೆ ಏನು? ಅದು ಆರಂಭವಾಗುವುದು ಬೀರೂರಿನಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂತು. ಮುಂದೆ ಮೂರು ದಶಕ ಶಿವಮೊಗ್ಗವೇ ಆ ಹಳಿಯ ಕೊನೆ. ಅಲ್ಲಿಂದಾಚೆ ಎತ್ತಿನ ಗಾಡಿ, ಕಾಲುದಾರಿ, ಕಾಡು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಹಳಿ ತುಂಗೆಯಾಚೆ ಹಂತಹಂತವಾಗಿ ಮುಂದುವರಿಯಿತು. ಕುಂಸಿ, ಅರಸಾಳು, ಆನಂದಪುರ, ಸಾಗರ. ಕೊನೆಗೆ 1940ರಲ್ಲಿ ತಾಳಗುಪ್ಪ. ಜೋಗದಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ ತೆಗೆಯುವ ಕಾಮಗಾರಿ ಶುರುವಾದದ್ದು 1939ರಲ್ಲಿ. ತಾಳಗುಪ್ಪದಲ್ಲಿ ಇಳಿದರೆ ಜೋಗ ಹದಿನೈದು-ಹದಿನಾರು ಕಿಲೋಮೀಟರು. ಅಲ್ಲಿಂದ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗಬೇಕೆಂಬ ಹಳಿ ಮಾತ್ರ ಇಂದಿಗೂ ಮಾತಿನಲ್ಲೇ ಇದೆ.

1958ರಲ್ಲಿ ಪ್ರಕಟವಾದ ನಾರಾಯಣ್ ಅವರ ‘ದಿ ಗೈಡ್’ ಕಾದಂಬರಿಯಲ್ಲಿ ಮಾಲ್ಗುಡಿಗೆ ರೈಲು ಬರುವ ಸಂದರ್ಭವೊಂದಿದೆ. ರಾಜು ಆಗ ಚಿಕ್ಕ ಹುಡುಗ. ಮಣ್ಣು ತುಂಬಿದ ಲಾರಿಗಳು, ದಿಬ್ಬಗಳು, ಹಳಿ ಹಾಸುವ ಕೂಲಿಯಾಳುಗಳು, ಅವರಿಗೆ ಸಾಮಾನು ಮಾರುವ ಅವನ ಅಪ್ಪ, ಆಮೇಲೆ ಸ್ಟೇಷನ್ನಿನಲ್ಲೇ ಸಿಕ್ಕ ಅಂಗಡಿ. ಒಂದು ಊರಿಗೆ ರೈಲು ಬಂದರೆ ಒಂದು ಮನೆಯ ಬದುಕು ಹೇಗೆ ತಿರುಗುತ್ತದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದವರು ಕಡಿಮೆ. ಅರಸಾಳಿನಲ್ಲೂ ಹೀಗೆಯೇ ಯಾರದೋ ಹೊಲದ ಪಕ್ಕ ಮಣ್ಣಿನ ದಿಬ್ಬ ಎದ್ದಿರಬೇಕು. ಮಲೇರಿಯಾದ ಆ ಕಾಡಿನಲ್ಲಿ ಹೊರಗಿನಿಂದ ಬಂದ ಆಳುಗಳು ಬಿಡಾರ ಹೂಡಿರಬೇಕು. ಮೊದಲ ಉಗಿಬಂಡಿ ನೋಡಲು ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಬಂದಿರಬೇಕು. ನೋಡಿ, ಕಲ್ಪನೆಯ ಮಾಲ್ಗುಡಿಗೆ ರೈಲು ಬಂದದ್ದು ನಮಗೆ ಖಚಿತವಾಗಿ ಗೊತ್ತು. ನಿಜವಾದ ಅರಸಾಳಿಗೆ ಬಂದದ್ದನ್ನು ‘ಇರಬೇಕು’ ಎಂದು ಊಹಿಸುತ್ತಿದ್ದೇನೆ.

ಬೋಗಿಯ ಬಳಿ ಚಹಾ ಕುಡಿಯುತ್ತಿದ್ದಾಗ ಸ್ಥಳೀಯರೊಬ್ಬರು, ಎಪ್ಪತ್ತು ದಾಟಿದವರು, ಪಕ್ಕದಲ್ಲಿ ಕುಳಿತರು. ನಾನೂ ಎಲ್ಲರಂತೆ ಷೂಟಿಂಗ್ ನೋಡಿದ್ದಿರಾ ಎಂದೇ ಕೇಳಿದೆ. ಅವರು ನಕ್ಕರು. ‘ಬಂದವರೆಲ್ಲ ಅದನ್ನೇ ಕೇಳ್ತಾರೆ ಸ್ವಾಮಿ. ನಮ್ಮಪ್ಪ ಇದೇ ಜಾಗದಲ್ಲಿ ಅಡಿಕೆ ಮೂಟೆ ಹೊತ್ತು ನಮ್ಮನ್ನೆಲ್ಲ ಸಾಕಿದ. ಅದನ್ನ ಒಬ್ಬರೂ ಕೇಳಲ್ಲ.’ ಆಮೇಲೆ ಅವರು ಒಂದು ಗಂಟೆ ಮಾತಾಡಿದರು. ನಾಟಾ ತುಂಬುತ್ತಿದ್ದ ವ್ಯಾಗನ್‌ಗಳು, ಬಿದಿರಿನ ಹೊರೆ, ಮಳೆಗಾಲದಲ್ಲಿ ಕಂದೀಲು ಹಿಡಿದು ಹಳಿಯ ಮೇಲೆ ನಡೆದು ಹೋಗುತ್ತಿದ್ದ ಗ್ಯಾಂಗ್‌ಮನ್‌ಗಳು, ತೂಗುಹಾಕಿದ ಕಬ್ಬಿಣದ ತುಂಡಿಗೆ ಬಡಿದರೆ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತೆಂದು ಅರ್ಥ. ಕೈಮರ ಬಿದ್ದಿತೋ ಇಲ್ಲವೋ ಎಂದು ದೂರದಿಂದಲೇ ನೋಡಿ ಓಡಿಬರುತ್ತಿದ್ದ ಪ್ರಯಾಣಿಕರು. ಸಿಗ್ನಲ್ ಕಂಬಕ್ಕೆ ಕೈಮರ ಎಂಬ ಎಂಥ ಒಳ್ಳೆಯ ಹೆಸರು ನಮ್ಮಲ್ಲಿತ್ತು! ದೀಪದ ಸಿಗ್ನಲ್ ಬಂದ ಮೇಲೆ ಆ ಮಾತೂ ಹೋಯಿತು.

ಅವರು ಹೇಳಿದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಟೋಕನ್ ವಿಚಾರ. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾಗಬಾರದು. ಅದಕ್ಕಾಗಿ ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಜೋಡಿಸಿದ ಎರಡು ಯಂತ್ರ. ಎರಡರಿಂದಲೂ ಸೇರಿ ಒಂದು ಸಲಕ್ಕೆ ಹೊರಬರುವುದು ಒಂದೇ ಲೋಹದ ಗುಂಡು. ಆ ಗುಂಡು ಕೈಯಲ್ಲಿದ್ದ ಚಾಲಕನಿಗೆ ಮಾತ್ರ ಮುಂದಿನ ಹಳಿಯ ಹಕ್ಕು. ಚರ್ಮದ ಚೀಲದಲ್ಲಿ ಗುಂಡನ್ನಿಟ್ಟು, ಬೆತ್ತದ ದೊಡ್ಡ ಬಳೆಗೆ ಕಟ್ಟಿ ಎತ್ತಿ ಹಿಡಿದರೆ, ನಿಲ್ಲದೆ ಹೋಗುವ ಗಾಡಿಯವರು ತೋಳು ತೂರಿಸಿ ಅದನ್ನು ಎಳೆದುಕೊಂಡು, ತಮ್ಮಲ್ಲಿದ್ದದ್ದನ್ನು ಎಸೆಯುತ್ತಿದ್ದರು. ಮಳೆಯಲ್ಲಿ, ಕತ್ತಲೆಯಲ್ಲಿ, ವರ್ಷಗಟ್ಟಲೆ. ಅದೊಂದು ಗುಂಡಿನ ಮೇಲೆ ನೂರಾರು ಜನರ ಪ್ರಾಣ ನಿಂತಿತ್ತು. ಸ್ವಾಮಿಯ ಕ್ರಿಕೆಟ್ ಚೆಂಡಿಗಿಂತ ಇದು ಕಡಿಮೆ ರೋಚಕವೇ?

ಭದ್ರಾವತಿಯಲ್ಲಿ ಬೆಳೆದವನಿಗೆ ಈ ಕಥೆ ಅರಸಾಳಿಗೆ ನಿಲ್ಲುವುದಿಲ್ಲ. ಶಿವಮೊಗ್ಗಕ್ಕೆ ರೈಲು ಬಂದಾಗ ನಮ್ಮ ಊರು ಇನ್ನೂ ಬೆಂಕಿಪುರ. 1918ರಲ್ಲಿ ಅಲ್ಲಿ ಕಾಮಗಾರಿ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದದ್ದು 1923ರಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸು ಅದು. ಕಲ್ಲಿದ್ದಲು ದೂರವಿದ್ದುದರಿಂದ ಕಬ್ಬಿಣವನ್ನು ಕರಗಿಸಿದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ. ಸೌದೆಯನ್ನು ಭಟ್ಟಿ ಇಳಿಸಿ ಇದ್ದಿಲಿನ ಜೊತೆಗೆ ಟಾರು, ಮರದ ಸ್ಪಿರಿಟ್ಟುಗಳನ್ನೂ ತೆಗೆಯುತ್ತಿದ್ದರು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಸೌದೆಯ ಭಟ್ಟಿ ಸೇರಿತ್ತು. ಅಷ್ಟೊಂದು ಸೌದೆ ಬರಬೇಕಲ್ಲ? ಕಾಡಿನೊಳಕ್ಕೆ ಟ್ರಾಂ ಹಳಿಗಳು ಹೋದವು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ಇಳಿಯಿತು. ಅತ್ತ ತರೀಕೆರೆಯಿಂದ ಎಡೆಹಳ್ಳಿಗೆ ಎರಡೇ ಅಡಿ ಅಗಲದ ಪುಟಾಣಿ ಹಳಿ ಓಡಿತು. ಆ ಎಡೆಹಳ್ಳಿ ಯುವರಾಜರ ಹೆಸರು ಪಡೆದು ನರಸಿಂಹರಾಜಪುರವಾಯಿತು. ಬೆಂಕಿಪುರವೂ ಭದ್ರಾವತಿ ಎಂದೇ ಹೆಸರಾಯಿತು. ಬೆಂಕಿ ಬಂದ ಊರಿನಿಂದಲೇ ಬೆಂಕಿಯ ಹೆಸರು ಹೋದದ್ದು ಒಂದು ತಮಾಷೆ. 1952ರಲ್ಲಿ ಜೋಗದ ವಿದ್ಯುತ್ತಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಬಂದ ಮೇಲೆ ಇದ್ದಿಲಿನ ಹಸಿವು ಇಳಿಯಿತು. ತಾಳಗುಪ್ಪದ ಹಳಿ ಜೋಗದತ್ತ ಹೋಯಿತು, ಜೋಗದಿಂದ ಬೆಳಕು ಭದ್ರಾವತಿಗೆ ಮರಳಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ಯಾರಾದರೂ ನಮಗೆ ಶಾಲೆಯಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಆ ಕಾಡಿನ ಟ್ರಾಂ ಹಳಿಗಳು ಈಗಿಲ್ಲ. ಅಪ್ಪ ಕೆಲಸ ಮಾಡಿದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಊರು ಬೀದಿಗಿಳಿಯಿತು. ಆಮೇಲೂ ಅದರ ಭವಿಷ್ಯದ ಬಗ್ಗೆ ಆಸೆ-ನಿರಾಸೆಯ ಮಾತುಗಳು ನಡೆದೇ ಇವೆ. ಕಾಗದದ ಕಾರ್ಖಾನೆ 2015ರಲ್ಲೇ ಉತ್ಪಾದನೆ ನಿಲ್ಲಿಸಿತ್ತು. ಕಾರ್ಖಾನೆಯೊಂದು ನಿಂತಾಗ ನೌಕರರ ಸಂಕಟ ಎಲ್ಲರಿಗೂ ಕಾಣುತ್ತದೆ, ಕಾಣಬೇಕಾದದ್ದೂ ಅದೇ. ಆದರೆ ಅದರ ಹಿಂದೆ ಇನ್ನೊಂದು ಸದ್ದಿಲ್ಲದ ನಷ್ಟ ಇರುತ್ತದೆ. ನಕ್ಷೆ, ಲೆಡ್ಜರು, ಫೋಟೋ, ಹಾಜರಿ ಪುಸ್ತಕಗಳು. ಯಂತ್ರಕ್ಕೆ ಗುಜರಿಯವನು ತೂಕ ಕಟ್ಟುತ್ತಾನೆ. ಕಾಗದಕ್ಕೂ ಅವನೇ ತೂಕ ಕಟ್ಟುತ್ತಾನೆ. ನನ್ನ ಆತಂಕ ಇದು.

ಅರಸಾಳಿನ ಹಳಿಯ ಕಡೆಯ ದಿನಗಳನ್ನು ನಾನು ಕಂಡಿದ್ದೇನೆ. ತೊಂಬತ್ತರ ದಶಕದಲ್ಲಿ ಉಗಿಬಂಡಿ ಮರೆಯಾಗಿ ರೈಲು ಬಸ್ಸು ಬಂತು. ನೋಡಿದರೆ ಬಸ್ಸು, ಓಡುವುದು ಹಳಿಯ ಮೇಲೆ. ಒಂದೇ ಡಬ್ಬ. ಅದರ ಕಿಟಕಿಯಿಂದ ಕೈಚಾಚಿದರೆ ಕಾಡಿನ ಎಲೆ ಸಿಗುತ್ತಿತ್ತು. ಕಾಲೇಜಿನ ದಿನಗಳಲ್ಲಿ ಅಜ್ಜಿಯ ಮನೆಗೆ ಅದರಲ್ಲೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಹೋದರೆ ಬೇಗ ಎಂದು ಗೊತ್ತಿದ್ದವರು ಬಸ್ಸಿನಲ್ಲಿ ಹೋಗುತ್ತಿದ್ದರು. ರೈಲು ಬಸ್ಸಿನಲ್ಲಿ ಇರುತ್ತಿದ್ದವರು ಆತುರವಿಲ್ಲದವರು, ಇಲ್ಲವೇ ಹಣವಿಲ್ಲದವರು. ನಾನು ಎರಡೂ ವರ್ಗಕ್ಕೆ ಸೇರಿದ್ದೆ. ಆಮೇಲೆ ಗೇಜ್ ಪರಿವರ್ತನೆ. ಮೀಟರ್ ಗೇಜಿನ ಒಂದು ಮೀಟರ್ ಅಂತರ 1,676 ಮಿಲಿಮೀಟರಿಗೆ ಹಿಗ್ಗಿ, 2011ರಲ್ಲಿ ತಾಳಗುಪ್ಪದವರೆಗೆ ದೊಡ್ಡ ರೈಲು ಓಡಿತು. ಬೆಂಗಳೂರಿಗೆ ನೇರ ಹೋಗುವ ರೈಲು ಸಾಗರದ ಬಾಗಿಲಿಗೆ ಬಂದದ್ದು ಸಣ್ಣ ವಿಷಯವಲ್ಲ, ಅದಕ್ಕಾಗಿ ಜನ ವರ್ಷಗಟ್ಟಲೆ ಕಾದಿದ್ದರು. ಹಳೆಯದರ ಮೋಹದಲ್ಲಿ ಇದನ್ನು ಮರೆಯಬಾರದು. ಆದರೆ ಹಳಿ ಹಿಗ್ಗಿದಾಗ ಹಳೆಯ ಸಣ್ಣ ಸ್ಟೇಷನ್ನುಗಳು ಕುಗ್ಗಿದವು. ಕೋಣಗವಳ್ಳಿಗೋ ಅಡ್ಡೇರಿಗೋ ಯಾವ ಧಾರಾವಾಹಿಯೂ ಒಲಿಯಲಿಲ್ಲ.

2019ರ ಸುಮಾರಿಗೆ ಅರಸಾಳು ನಿಲ್ದಾಣದ ಹೆಸರನ್ನೇ ಮಾಲ್ಗುಡಿ ಎಂದು ಬದಲಿಸುವ ಮಾತು ಪತ್ರಿಕೆಗಳಲ್ಲಿ ಬಂದಿತ್ತು. ಒಂದು ರೈಲಿಗೆ ಮಾಲ್ಗುಡಿ ಎಂದು ಹೆಸರಿಟ್ಟಾಗ ನನಗೆ ಸಂತೋಷವಾಗಿತ್ತು. ರೈಲಿಗೆ ಊರಿಲ್ಲ, ಯಾವ ಹೆಸರಾದರೂ ಒಪ್ಪುತ್ತದೆ. ನಿಲ್ದಾಣದ ಮಾತು ಬೇರೆ. ಹೆಸರು ಬದಲಾಗಲೇಬಾರದೆಂಬ ಹಟ ನನ್ನದಲ್ಲ. ಶಿಮೊಗ ಎಂದು ಇಂಗ್ಲಿಷಿನವರು ಮೊಟಕು ಮಾಡಿದ್ದು 2014ರ ರಾಜ್ಯೋತ್ಸವದಂದು ಅಧಿಕೃತವಾಗಿ ಶಿವಮೊಗ್ಗವಾದಾಗ ನಾನೂ ಖುಷಿಪಟ್ಟೆ. ಅಲ್ಲಿ ಜನರ ಬಾಯಲ್ಲಿದ್ದ ಹೆಸರು ಬೋರ್ಡಿಗೆ ಬಂತು. ಅರಸಾಳಿನಲ್ಲಿ ಆಗುವುದು ಇದರ ತಿರುಗುಮುರುಗು: ಜನರ ಬಾಯಲ್ಲಿರುವ ಹೆಸರನ್ನು ಬೋರ್ಡಿನಿಂದ ಇಳಿಸುವುದು. ಮಾಲ್ಗುಡಿಗೆ ಪುಸ್ತಕಗಳಿವೆ, ಶಂಕರ್‌ನಾಗ್ ಅವರ ಚಿತ್ರಿಕೆಗಳಿವೆ, ಈಗ ಒಂದು ಕಟ್ಟಡವೂ ಇದೆ. 1990ರಲ್ಲಿ ಮೂವತ್ತೈದರ ಹರೆಯದಲ್ಲೇ ಅಪಘಾತದಲ್ಲಿ ತೀರಿಕೊಂಡ ಆ ಕಲಾವಿದನಿಗೆ ಇಂಥದ್ದೊಂದು ನೆನಪು ಸಲ್ಲಬೇಕಾದದ್ದೇ. ಅರಸಾಳಿಗೆ ಇರುವುದು ಆ ಹಳದಿ ಬೋರ್ಡು ಒಂದೇ.

ಹೆಚ್ಚು ಖರ್ಚಿನ ಸಲಹೆ ನನ್ನಲ್ಲಿಲ್ಲ. ಆ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಈ ಹಳಿಯ ಕಥೆಗೂ ಒಂದು ಕೋಣೆ ಇರಲಿ. ಒಂದು ಟೋಕನ್ ಯಂತ್ರ, ಹುಡುಗರು ಕೈಯಿಂದ ಎಳೆದು ಇಳಿಸಬಹುದಾದ ಒಂದು ಕೈಮರ, ರಟ್ಟಿನ ಟಿಕೆಟ್ಟುಗಳು, ಗ್ಯಾಂಗ್‌ಮನ್‌ಗಳ ಕಂದೀಲು, ಬೀರೂರಿನಿಂದ ತಾಳಗುಪ್ಪದವರೆಗಿನ ಒಂದು ನಕ್ಷೆ. ಅದರಲ್ಲಿ ಬೆಂಕಿಪುರವೂ ಎಡೆಹಳ್ಳಿಯೂ ಹಳೆಯ ಹೆಸರಿನಲ್ಲೇ ಇರಲಿ. ದೆಹಲಿಯ ಬಳಿಕ 1979ರಲ್ಲೇ ರೈಲು ವಸ್ತುಸಂಗ್ರಹಾಲಯ ಕಟ್ಟಿದ ಮೈಸೂರು ನಮ್ಮದೇ ವಿಭಾಗದ ಕೇಂದ್ರ. ಇಂಥ ಕೆಲಸ ಬಲ್ಲವರಿಗೆ ಕೊರತೆಯಾಗದು. ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯಲ್ಲಿ ಈ ಹಳಿಯ ಗುಂಟ ಇಳಿದು, ಹತ್ತು-ಹದಿನೈದು ಮಂದಿ ನಿವೃತ್ತರ ಮಾತನ್ನು ಮೊಬೈಲಿನಲ್ಲಾದರೂ ಹಿಡಿದಿಡಬಹುದು. ಭದ್ರಾವತಿಯ ಕಾಗದಪತ್ರಗಳ ಪಟ್ಟಿಯನ್ನಾದರೂ ಮಾಡಿಸಬಹುದು. ಇದಕ್ಕೆ ತಡಮಾಡುವಂತಿಲ್ಲ. ನನ್ನ ಜೊತೆ ಚಹಾ ಕುಡಿದ ಹಿರಿಯರಿಗೆ ಮಂಡಿನೋವು ಹೆಚ್ಚಾಗಿದೆ, ಮಳೆಗಾಲದಲ್ಲಿ ಸ್ಟೇಷನ್ನಿನ ತನಕ ಬರುವುದೇ ಕಷ್ಟವಂತೆ.

ಸಂಜೆಯ ಗಾಡಿಗೆ ಕಾಯುತ್ತಿದ್ದಾಗ ಬೆಳಗಿನ ಆ ಹುಡುಗ ಮತ್ತೆ ಕಂಡ. ಕೈಯಲ್ಲಿ ಟಿಕೆಟ್ ಇತ್ತು. ಅದನ್ನು ಬೆಳಕಿಗೆ ಹಿಡಿದು, ಮತ್ತೊಮ್ಮೆ ಬೋರ್ಡಿನ ಕಡೆ ನೋಡಿ, ನನ್ನ ಬಳಿ ಬಂದು ಕೇಳಿದ: ‘ಅಂಕಲ್, ಇದರಲ್ಲೂ ಅರಸಾಳು ಅಂತಲೇ ಇದೆ. ಹಾಗಾದರೆ ಅರಸಾಳು ಅಂದ್ರೆ ಏನು?’ ಗಾಡಿ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟು, ಟೋಕನ್ ಗುಂಡಿನಿಂದ ಶುರುಮಾಡಿದೆ.